ಅರವತ್ತು ಲಕ್ಷ ಅಕ್ಷರಗಳ ನಡುವಿನ ಜಾಡು

2011ರ ಜೂನ್ 13. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ. ನೀವು ನಿಂತಿರುವುದು ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ಗೆ ಸೇರಿದ ಕ್ಲಿನಿಕಲ್ ಸೆಂಟರಿನ ತೀವ್ರ ನಿಗಾ ಘಟಕದ ಬಾಗಿಲಲ್ಲಿ. 243 ಹಾಸಿಗೆಗಳ ಆಸ್ಪತ್ರೆ ಇದು. ನೆಗಡಿ, ಕೆಮ್ಮು ಎಂದು ಯಾರೂ ಇಲ್ಲಿಗೆ ಬರುವುದಿಲ್ಲ. ಬೇರೆಲ್ಲೂ ಮದ್ದು ಸಿಗದ ಕಾಯಿಲೆಯವರು, ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಒಪ್ಪಿಕೊಂಡವರು, ಅಸ್ಥಿಮಜ್ಜೆಯ ಕಸಿಗಾಗಿ ತಮ್ಮ ರೋಗನಿರೋಧಕ ಶಕ್ತಿಯನ್ನೇ ಬಿಟ್ಟುಕೊಟ್ಟವರು ಒಳಗೆ ಮಲಗಿದ್ದಾರೆ. ನಿಮ್ಮ ಕರುಳಿನಲ್ಲೋ ನನ್ನ ಕರುಳಿನಲ್ಲೋ ಸುಮ್ಮನೆ ಬದುಕಿಕೊಂಡಿರುವ ಬ್ಯಾಕ್ಟೀರಿಯಾ ಇವರ ರಕ್ತಕ್ಕೆ ಇಳಿದರೆ ಪ್ರಾಣ ತೆಗೆಯುತ್ತದೆ.

ನ್ಯೂಯಾರ್ಕಿನ ಆಸ್ಪತ್ರೆಯೊಂದರಿಂದ ಒಬ್ಬ ಮಹಿಳೆಯನ್ನು ಕರೆತರುತ್ತಿದ್ದಾರೆ. ಶ್ವಾಸಕೋಶದ ಕಸಿಯ ನಂತರ ತೊಡಕು ಕಾಣಿಸಿಕೊಂಡಿದೆ. ಜೊತೆಗೆ ಬಂದ ದಾಖಲೆಗಳಲ್ಲಿ ಒಂದು ಎಚ್ಚರಿಕೆ ಇದೆ: ಈ ರೋಗಿಯ ಮೈಯಲ್ಲಿ ಕಾರ್ಬಪೆನೆಮ್ ಔಷಧಿಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಪೆನಿಸಿಲಿನ್ ಸೋತಲ್ಲಿ ಸೆಫಲೊಸ್ಪೋರಿನ್, ಅದೂ ಸೋತಲ್ಲಿ ಕಾರ್ಬಪೆನೆಮ್. ವೈದ್ಯರು ಕಪಾಟಿನ ಕೊನೆಯ ಅರೆಯಿಂದ ತೆಗೆಯುವ ಔಷಧಿ ಅದು. ಈ ಕ್ಲೆಬ್ಸಿಯೆಲ್ಲಾದ ಬಳಿ ಕೆಪಿಸಿ ಎಂಬ ಕಿಣ್ವವಿದೆ. ಔಷಧಿಯ ಅಣುವಿನಲ್ಲಿರುವ ಉಂಗುರವನ್ನು ಅದು ಕತ್ತರಿಸಿ ಹಾಕುತ್ತದೆ. 1996ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಸಿಕ್ಕ ಒಂದು ಮಾದರಿಯಲ್ಲಿ ಮೊದಲು ಗುರುತಿಸಲಾದ ಕಿಣ್ವವದು. ಮುಂದಿನ ದಶಕದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಬೇರೂರಿತು, ಕಡಲು ದಾಟಿ ಇಸ್ರೇಲಿನ ಆಸ್ಪತ್ರೆಗಳಿಗೂ ಹೋಯಿತು.

ಬೆಥೆಸ್ಡಾದವರು ಆ ಎಚ್ಚರಿಕೆಯನ್ನು ಓದಿದರು, ಓದಿ ನಡುಗಿದರು, ಏನೇನು ಮಾಡಬೇಕೋ ಎಲ್ಲವನ್ನೂ ಮಾಡಿದರು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಉದಾಸೀನದ ಕಥೆ ಎಂದು ಯಾರೂ ಓದಬಾರದು. ಆಕೆಗೆ ಪ್ರತ್ಯೇಕ ಕೋಣೆ ಕೊಟ್ಟಿದ್ದಾರೆ. ಒಳಗೆ ಹೋಗಬೇಕಾದರೆ ನೀವೂ ಗೌನು ತೊಡಬೇಕು, ಅದರ ತೋಳನ್ನು ಮುಚ್ಚುವಂತೆ ಕೈಗವಸು ಎಳೆದುಕೊಳ್ಳಬೇಕು. ಹೊರಗೆ ಬರುವಾಗ ಎರಡನ್ನೂ ಬಾಗಿಲಲ್ಲೇ ಕಳಚಿ ಬುಟ್ಟಿಗೆ ಹಾಕಿ ಕೈ ತೊಳೆಯಬೇಕು. ಒಳಗೆ ಮಾನಿಟರಿನ ಒಂದೇ ಶ್ರುತಿಯ ಸದ್ದು. ಹಾಸಿಗೆಯ ಕಂಬಿ, ಸಲೈನ್ ಪಂಪಿನ ಗುಂಡಿ, ರಕ್ತದೊತ್ತಡದ ಪಟ್ಟಿ, ನಲ್ಲಿಯ ಹಿಡಿ, ಎಷ್ಟೊಂದು ಕೈಗಳು ಎಷ್ಟೊಂದು ಬಾರಿ ಮುಟ್ಟುತ್ತವೆ ಎಂಬುದು ಐದು ನಿಮಿಷ ನಿಂತರೂ ತಿಳಿಯುತ್ತದೆ. ಘಟಕದ ಉಳಿದ ರೋಗಿಗಳ ಗಂಟಲು ಮತ್ತು ತೊಡೆಸಂದಿನಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಯಾರಲ್ಲೂ ಏನೂ ಇಲ್ಲ.

ಜುಲೈ 15ರಂದು ಆಕೆ ಆಸ್ಪತ್ರೆಯಿಂದ ಬಿಡುಗಡೆಯಾಗುತ್ತಾರೆ. ಕೋಣೆಯನ್ನು ತಿಕ್ಕಿ ತೊಳೆಯಲಾಗುತ್ತದೆ. ಒಂದು ವಾರ ಕಳೆಯಿತು. ಎರಡು ವಾರ. ಮೂರನೆಯ ವಾರವೂ ಮುಗಿಯುತ್ತ ಬಂತು. ಗೆದ್ದೆವು ಎಂದುಕೊಳ್ಳಲು ಎಲ್ಲ ಕಾರಣಗಳೂ ಇವೆ.

ಆಗಸ್ಟ್ 5. ಈಗ ವಾರ್ಡು ಬಿಟ್ಟು ಸೂಕ್ಷ್ಮಾಣು ಪ್ರಯೋಗಾಲಯಕ್ಕೆ ಬನ್ನಿ. 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿ ಕಳೆದ ತಟ್ಟೆಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಬೆಳಕಿಗೆ ಹಿಡಿಯುವ ಕೆಲಸ ಇಲ್ಲಿ ನಿತ್ಯದ್ದು. ಮ್ಯಾಕಾಂಕಿ ಅಗರಿನ ಮೇಲೆ ಕ್ಲೆಬ್ಸಿಯೆಲ್ಲಾ ಬೆಳೆದರೆ ಕಣ್ಣಿಗೆ ಹೊಡೆಯುತ್ತದೆ. ಗುಲಾಬಿ ಬಣ್ಣ, ಉಬ್ಬಿದ ದುಂಡು ಚುಕ್ಕೆಗಳು, ಕಡ್ಡಿ ತಾಗಿಸಿದರೆ ಲೋಳೆಯಾಗಿ ಎಳೆ ಬರುತ್ತದೆ. ಅದೇ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಯ ಮೇಲೆ ಹರಡಿ ನಡುವೆ ಔಷಧಿಯ ಬಿಲ್ಲೆ ಇಟ್ಟರೆ, ಔಷಧಿ ನಾಟುವಂಥದ್ದಾದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವರ್ತುಲ ಮೂಡಬೇಕು. ಕಾರ್ಬಪೆನೆಮ್‌ಗೆ ಬಗ್ಗದ ಮಾದರಿಯಲ್ಲಿ ಬೆಳೆ ಬಿಲ್ಲೆಯ ಅಂಚಿನವರೆಗೂ ಬಂದು ನಿಂತಿರುತ್ತದೆ. ಇಂದು ಅಂಥ ಎರಡನೆಯ ರೋಗಿ ಸಿಕ್ಕಿದ್ದಾರೆ. ನ್ಯೂಯಾರ್ಕಿನಿಂದ ಬಂದಾಕೆ ಹೊರಟುಹೋಗಿ ಮೂರು ವಾರವಾಗಿದೆ. ಇಬ್ಬರ ನಡುವೆ ನೇರ ನಂಟು ಕಾಣುತ್ತಿಲ್ಲ.

ಆಸ್ಪತ್ರೆಯ ಸೋಂಕು ತಡೆ ವಿಭಾಗದ ಟಾರಾ ಪಾಮೋರ್ ಮತ್ತು ಸಂಗಡಿಗರ ಮುಂದೆ ಈಗ ಎರಡು ದಾರಿಗಳಿವೆ. ಎರಡನೆಯ ರೋಗಿ ಈ ಬ್ಯಾಕ್ಟೀರಿಯಾವನ್ನು ಹೊರಗಿನಿಂದಲೇ ತಂದಿದ್ದರೆ ಕೆಲಸ ಹೊರಬಾಗಿಲಲ್ಲಿ: ಒಳಗೆ ಬರುವ ಪ್ರತಿಯೊಬ್ಬರನ್ನೂ ಪರೀಕ್ಷಿಸಬೇಕು. ಮೊದಲ ರೋಗಿಯದೇ ಇಲ್ಲಿ ಎಲ್ಲೋ ಅಡಗಿ ಉಳಿದಿದ್ದರೆ ಕೆಲಸ ಮನೆಯೊಳಗೆ: ತಮ್ಮವರದೇ ಕೈ, ತಮ್ಮದೇ ಉಪಕರಣ, ತಮ್ಮದೇ ಗೋಡೆಯನ್ನು ಶಂಕಿಸಬೇಕು. ಯಾವುದು ನಿಜ? ಡಿಎನ್‌ಎಯನ್ನು ತುಂಡುಮಾಡಿ ಜೆಲ್ಲಿನ ಮೇಲೆ ಓಡಿಸಿ ಪಟ್ಟೆಗಳನ್ನು ಹೋಲಿಸುವ ಹಳೆಯ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಅಮೆರಿಕದ ಕೆಪಿಸಿ ಕ್ಲೆಬ್ಸಿಯೆಲ್ಲಾಗಳಲ್ಲಿ ಹೆಚ್ಚಿನವು ಎಸ್‌ಟಿ258 ಎಂಬ ಒಂದೇ ವಂಶದವು. ಪಟ್ಟೆಗಳು ಹೊಂದಿಕೊಂಡವು ಎಂದರೆ ಇಬ್ಬರದೂ ಆ ವಂಶದ್ದು ಎಂದಷ್ಟೇ ಅರ್ಥ. ಯಾರಿಂದ ಯಾರಿಗೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಉತ್ತರಕ್ಕೆ ಕಾಯುವಷ್ಟು ಹೊತ್ತನ್ನು ಬ್ಯಾಕ್ಟೀರಿಯಾ ಕೊಡುವುದಿಲ್ಲ. ಅದೇ ತಿಂಗಳು ಮೂರನೆಯ ರೋಗಿ, ನಾಲ್ಕನೆಯ ರೋಗಿ. ಅಲ್ಲಿಂದಾಚೆ ಹೆಚ್ಚುಕಡಿಮೆ ವಾರಕ್ಕೊಬ್ಬರಂತೆ. ವೈದ್ಯರು ಕೊಲಿಸ್ಟಿನ್ ಕೈಗೆತ್ತಿಕೊಳ್ಳುತ್ತಾರೆ. ಮೂತ್ರಪಿಂಡವನ್ನು ಹಾಳುಮಾಡುತ್ತದೆ ಎಂದು ದಶಕಗಳ ಹಿಂದೆಯೇ ಪಕ್ಕಕ್ಕಿಟ್ಟಿದ್ದ ಔಷಧಿ. ಬೇರೆ ಏನೂ ಉಳಿಯದಾಗ ಅದೇ ಗತಿ. ಕೆಲವು ರೋಗಿಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೂ ಮೈ ಒಗ್ಗಿಸಿಕೊಳ್ಳುತ್ತದೆ. ಕ್ಯಾನ್ಸರಿಗೋ ಹುಟ್ಟಿನಿಂದ ಬಂದ ರೋಗಕ್ಕೋ ಮದ್ದು ಹುಡುಕಿ ಬಂದವರು, ಬರುವಾಗ ತಮ್ಮಲ್ಲಿಲ್ಲದಿದ್ದ ಸೋಂಕಿಗೆ ಬಲಿಯಾಗುತ್ತಿದ್ದಾರೆ. ಇವರನ್ನು ನೋಡಿಕೊಳ್ಳುತ್ತಿರುವ ದಾದಿಯೊಬ್ಬರ ಜಾಗದಲ್ಲಿ ನಿಂತು ನೋಡಿ. ನಿನ್ನೆ ತಾನು ಸರಿಯಾಗಿ ಕೈ ತೊಳೆದೆನೇ ಎಂಬ ಪ್ರಶ್ನೆ ಮನೆಗೆ ಹೋದ ಮೇಲೂ ಬಿಡುವುದಿಲ್ಲ.

ಅದೇ ಆವರಣದಲ್ಲಿ ನ್ಯಾಷನಲ್ ಹ್ಯೂಮನ್ ಜೀನೋಮ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿನ ಜೂಲಿ ಸೆಗ್ರಿ ಮನುಷ್ಯರ ಚರ್ಮದ ಮೇಲೆ ಬದುಕುವ ಸೂಕ್ಷ್ಮಜೀವಿಗಳ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಓದುತ್ತಿದ್ದವರು. ಪಾಮೋರ್ ಮತ್ತು ಅವರು ಕೈಜೋಡಿಸುತ್ತಾರೆ. ರೋಗಿಗಳಿಂದ ತೆಗೆದ ಕ್ಲೆಬ್ಸಿಯೆಲ್ಲಾಗಳ ಪೂರ್ತಿ ಜೀನೋಮನ್ನು, ಮೊದಲ ಅಕ್ಷರದಿಂದ ಕೊನೆಯವರೆಗೆ, ಓದಬೇಕು. ಆಗಿನ ಯಂತ್ರ ಓದುತ್ತಿದ್ದ ಬಗೆ ಸೊಗಸಾದದ್ದು. ಚೂರು ಚೂರಾದ ಡಿಎನ್‌ಎಯನ್ನು ಕಣ್ಣಿಗೆ ಕಾಣದ ಮಣಿಗಳಿಗೆ ಅಂಟಿಸಿ, ಒಂದೊಂದು ಮಣಿಯನ್ನೂ ಒಂದೊಂದು ಗುಳಿಯಲ್ಲಿ ಕೂರಿಸಿ, ಎ, ಟಿ, ಜಿ, ಸಿ ಅಕ್ಷರಗಳನ್ನು ಸರದಿಯಲ್ಲಿ ಹರಿಸುತ್ತಾರೆ. ಸರಿಯಾದ ಅಕ್ಷರ ಸೇರಿಕೊಂಡ ಗುಳಿಯಲ್ಲಿ ಒಂದು ಮಿಂಚು. ಮಿಣುಕುಹುಳದ ಹೊಟ್ಟೆಯಲ್ಲಿ ಬೆಳಕು ಹೊತ್ತಿಸುವ ಕಿಣ್ವವೇ ಇಲ್ಲಿಯೂ ಬೆಳಕು ಕೊಡುತ್ತದೆ. ಕ್ಯಾಮೆರಾ ಆ ಮಿಂಚುಗಳನ್ನು ಎಣಿಸುತ್ತದೆ, ಕಂಪ್ಯೂಟರು ಚೂರುಗಳನ್ನು ಜೋಡಿಸುತ್ತದೆ. ಒಂದೊಂದು ಬ್ಯಾಕ್ಟೀರಿಯಾದಲ್ಲೂ ಸುಮಾರು 60 ಲಕ್ಷ ಅಕ್ಷರಗಳು.

ಓದಿದ್ದಾಯಿತು. ಇನ್ನು ಹೋಲಿಸುವ ಕೆಲಸ ಇವಾನ್ ಸ್ನಿಟ್ಕಿನ್ ಅವರದು. ಸೆಗ್ರಿಯವರ ಪ್ರಯೋಗಾಲಯದ ಯುವ ಸಂಶೋಧಕ. ಅವರ ಪರದೆಯ ಹಿಂದೆ ನಿಂತರೆ ಕಾಣುವುದು ನಮ್ಮ ಗ್ರಂಥಸಂಪಾದಕರು ಓಲೆಗರಿಗಳ ಮುಂದೆ ಕುಳಿತು ಮಾಡುತ್ತ ಬಂದ ಕೆಲಸವೇ. ಒಂದೇ ಕಾವ್ಯದ ಹಲವು ಪ್ರತಿಗಳು ಸಿಕ್ಕಾಗ ಸಂಪಾದಕ ಪಾಠಾಂತರಗಳನ್ನು ಗುರುತು ಹಾಕಿಕೊಳ್ಳುತ್ತಾನೆ. ಒಬ್ಬ ಲಿಪಿಕಾರ ಎಲ್ಲೋ ಒಂದು ಅಕ್ಷರ ತಪ್ಪಿದ್ದರೆ, ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರಲ್ಲೂ ಆ ತಪ್ಪು ಇರುತ್ತದೆ. ಜೊತೆಗೆ ಅವರವರದೇ ಹೊಸ ತಪ್ಪುಗಳು ಸೇರುತ್ತವೆ. ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂಬುದನ್ನು ತಪ್ಪುಗಳೇ ಹೇಳುತ್ತವೆ. ಬ್ಯಾಕ್ಟೀರಿಯಾ ಎರಡಾಗುವಾಗಲೂ ತನ್ನ ಅರವತ್ತು ಲಕ್ಷ ಅಕ್ಷರಗಳನ್ನು ನಕಲು ಮಾಡಿಕೊಳ್ಳಬೇಕು. ಅಪರೂಪಕ್ಕೊಮ್ಮೆ ಒಂದಕ್ಷರ ತಪ್ಪುತ್ತದೆ, ತಪ್ಪಿದ್ದು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೋಗುತ್ತದೆ. ಬೆಥೆಸ್ಡಾದ ರೋಗಿಗಳ ಮಾದರಿಗಳನ್ನೆಲ್ಲ ಸೇರಿಸಿ ನೋಡಿದರೆ ವ್ಯತ್ಯಾಸ ಕಂಡದ್ದು ಒಟ್ಟು 41 ಅಕ್ಷರಗಳಲ್ಲಿ.

ಹೊರಗಿನಿಂದ ಬೇರೆಬೇರೆಯಾಗಿ ಬಂದ ಎಸ್‌ಟಿ258 ಆಗಿದ್ದರೆ ಜೀನೋಮ್‌ಗಳ ನಡುವಿನ ಅಂತರ ಇದಕ್ಕಿಂತ ಎಷ್ಟೋ ದೊಡ್ಡದಿರುತ್ತಿತ್ತು. ಇಷ್ಟು ಹತ್ತಿರದವು ಒಂದೇ ಮನೆಯವು. ಎಲ್ಲದರ ಮೂಲ ಜೂನ್ 13ರಂದು ಬಂದ ಆ ಮೊದಲ ರೋಗಿ.

ಇಲ್ಲಿಗೇ ನಿಂತಿದ್ದರೆ ಇದು ಆರೋಪಪಟ್ಟಿಯಾಗುತ್ತಿತ್ತು, ಅದೂ ಏನೂ ತಪ್ಪು ಮಾಡದ ಒಬ್ಬ ಕಾಯಿಲೆಯ ಹೆಂಗಸಿನ ಮೇಲೆ. ಜೀನೋಮ್ ಇನ್ನೂ ಆಳಕ್ಕೆ ಹೋಯಿತು. ಆಕೆಯ ಮೈಯ ಬೇರೆ ಬೇರೆ ಜಾಗಗಳಿಂದ ತೆಗೆದ ಬ್ಯಾಕ್ಟೀರಿಯಾಗಳೇ ಪರಸ್ಪರ ಒಂದಿಷ್ಟು ಅಕ್ಷರಗಳಲ್ಲಿ ಬೇರೆಯಾಗಿದ್ದವು. ಒಂದು ಜಾಗದ ತಪ್ಪುಗಳು ಕೆಲವು ರೋಗಿಗಳಲ್ಲಿ, ಇನ್ನೊಂದು ಜಾಗದವು ಇನ್ನು ಕೆಲವರಲ್ಲಿ. ಅಂದರೆ ಕೋಣೆಯ ಬಾಗಿಲು, ಗೌನು, ಕೈಗವಸು ಎಲ್ಲವನ್ನೂ ದಾಟಿ ಬ್ಯಾಕ್ಟೀರಿಯಾ ಹೊರಬಿದ್ದದ್ದು ಒಂದು ಸಲವಲ್ಲ. ಒಂದಕ್ಕೊಂದು ಸಂಬಂಧವಿಲ್ಲದೆ ಮೂರು ಸಲ.

ಈಗ ಮೇಜಿನ ಮೇಲೆ ಇನ್ನೊಂದು ಕಾಗದವನ್ನೂ ಹರಡಿ. ಯಾವ ರೋಗಿ ಯಾವ ದಿನ ಯಾವ ವಾರ್ಡಿನಲ್ಲಿ ಇದ್ದರು ಎಂಬ ಪಟ್ಟಿ. ಜೀನೋಮ್ ಒಂದನ್ನೇ ನಂಬಿದರೆ ನೆಂಟಸ್ತಿಕೆ ತಿಳಿಯುತ್ತದೆ, ಎಲ್ಲಿ ಹೇಗೆ ಭೇಟಿಯಾಯಿತು ಎಂಬುದು ತಿಳಿಯುವುದಿಲ್ಲ. ಪಟ್ಟಿಯನ್ನೊಂದೇ ನಂಬಿದರೆ ಒಟ್ಟಿಗೆ ಇದ್ದವರೆಲ್ಲರ ಮೇಲೂ ಅನುಮಾನ. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ನಕ್ಷೆ ಮೂಡುತ್ತದೆ. ಆ ನಕ್ಷೆ ಹೇಳಿದ್ದು ಎದೆ ಝಲ್ಲೆನಿಸುವ ಮಾತು. ಸೋಂಕು ಪತ್ತೆಯಾದ ಕ್ರಮವೇ ಒಂದು, ಅಂಟಿದ ಕ್ರಮವೇ ಇನ್ನೊಂದು. ಜ್ವರವಿಲ್ಲ, ಕೆಮ್ಮಿಲ್ಲ, ತೆಗೆದ ಮಾದರಿಯಲ್ಲೂ ಏನೂ ಸಿಕ್ಕಿಲ್ಲ. ಹಾಗಿದ್ದವರ ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾ ವಾರಗಟ್ಟಲೆ ಕುಳಿತು ಅವರಿಂದ ಮುಂದಕ್ಕೆ ಹೋಗಿತ್ತು. ಗೆದ್ದೆವು ಎಂದುಕೊಂಡಿದ್ದ ಆ ಮೂರು ವಾರಗಳ ನೆಮ್ಮದಿಯಲ್ಲೂ ಅದು ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಲೇ ಇತ್ತು. ಗಂಟಲು, ತೊಡೆಸಂದು ನೋಡಿದರೆ ಸಾಲದು. ಗುದದ ಮಾದರಿ ತೆಗೆಯಬೇಕು, ಒಮ್ಮೆಯಲ್ಲ, ಮತ್ತೆ ಮತ್ತೆ ತೆಗೆಯಬೇಕು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಕಾಯಿಲೆ ಬಿದ್ದವರ ಹಿಂದೆ ಓಡುವುದನ್ನು ವೈದ್ಯಶಾಸ್ತ್ರ ಚೆನ್ನಾಗಿ ಬಲ್ಲದು. ಕಾಯಿಲೆ ಬೀಳದೆ ಹೊತ್ತು ತಿರುಗುವವರನ್ನು ಅದು ಕಾಣುವುದಿಲ್ಲ. ಜೀನೋಮ್ ಕಾಣಿಸಿತು.

ವಾರ್ಡಿಗೆ ಮರಳಿ ಬನ್ನಿ. ಈಗ ಅದರ ಗುರುತೇ ಸಿಗುವುದಿಲ್ಲ. ನಿಗಾ ಘಟಕದ ನಡುವೆ ಹೊಸದಾಗಿ ಗೋಡೆ ಎದ್ದಿದೆ. ಸೋಂಕು ಹೊತ್ತವರೆಲ್ಲ ಗೋಡೆಯ ಆಚೆ. ಅವರಿಗೇ ಮೀಸಲಾದ ದಾದಿಯರು, ಅವರಿಗೇ ಮೀಸಲಾದ ಉಪಕರಣ. ಕೋಣೆಗಳ ಹೊರಗೆ ಕೆಲವರನ್ನು ಕೂರಿಸಿದ್ದಾರೆ. ಒಳಗೆ ಹೋಗಿ ಬರುವವರು ಗೌನು ತೊಟ್ಟರೇ, ಕೈ ತೊಳೆದರೇ ಎಂದು ನೋಡುವುದೊಂದೇ ಅವರ ಕೆಲಸ. ಎಷ್ಟೇ ದೊಡ್ಡ ತಜ್ಞರಿರಲಿ, ತಪ್ಪಿದರೆ ತಡೆದು ನಿಲ್ಲಿಸುತ್ತಾರೆ. ಖಾಲಿಯಾದ ಕೋಣೆಗಳಿಗೆ ಯಂತ್ರಗಳಿಂದ ಹೈಡ್ರೋಜನ್ ಪೆರಾಕ್ಸೈಡಿನ ಆವಿ ತುಂಬುತ್ತಾರೆ.

ಆದರೂ ಹುಡುಕುತ್ತ ಹೋದಂತೆ ಸಿಗುತ್ತದೆ. ಬ್ಲೀಚ್ ಹಾಕಿ ಒರೆಸಿ ಇಟ್ಟಿದ್ದ ವೆಂಟಿಲೇಟರಿನ ಮೇಲೆ ಸಿಕ್ಕಿತು. ಸಿಂಕಿನ ಕೆಳಗಿನ ಕೊಳವೆಗಳಲ್ಲಿ ಸಿಕ್ಕಿತು. ಕೈ ತೊಳೆಯುವ ಜಾಗವೇ ಅದು! ಕೊಳವೆಯ ಒಳಮೈಗೆ ಲೋಳೆಯ ಪದರ ಕಟ್ಟಿಕೊಂಡು ಬ್ಯಾಕ್ಟೀರಿಯಾ ಅದರೊಳಗೆ ಬದುಕುತ್ತದೆ. ಮೇಲಿನಿಂದ ಸುರಿದ ಔಷಧಿ ಪದರದ ಆಳಕ್ಕೆ ಇಳಿಯುವುದೇ ಇಲ್ಲ. ಕೊನೆಗೆ ಕೊಳವೆಗಳನ್ನೇ ಕಿತ್ತು ಹಾಕಿದರು.

ವರ್ಷದ ಕೊನೆಯ ಹೊತ್ತಿಗೆ ಹೊಸ ಪ್ರಕರಣಗಳು ನಿಂತವು. ಅಷ್ಟರಲ್ಲಿ ಸೋಂಕು 18 ರೋಗಿಗಳನ್ನು ತಲುಪಿತ್ತು. ಅವರಲ್ಲಿ 11 ಮಂದಿ ತೀರಿಕೊಂಡರು. ಆರು ಸಾವುಗಳಿಗೆ ಈ ಸೋಂಕೇ ಕಾರಣ ಎಂದು ನಿರ್ಧರಿಸಲಾಯಿತು. 2012ರ ಆಗಸ್ಟಿನಲ್ಲಿ ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಬಂಧ ಬಂದಾಗ ಜನ ಸಿಟ್ಟಾದರು. ಒಂದು ವರ್ಷ ನಮಗೇಕೆ ಹೇಳಲಿಲ್ಲ ಎಂದು ಕೇಳಿದರು. ಆ ಸಿಟ್ಟು ನ್ಯಾಯವಾದದ್ದೇ. ಸೆಪ್ಟೆಂಬರಿನಲ್ಲಿ ಅದೇ ಬ್ಯಾಕ್ಟೀರಿಯಾ ಏಳನೆಯವರನ್ನು ಬಲಿ ತೆಗೆದುಕೊಂಡಿತು. ಮುಗಿಯಿತು ಎಂದ ಮೇಲೂ ಮುಗಿದಿರಲಿಲ್ಲ.

ಇನ್ನೊಂದು ತೊಡಕಿದೆ, ಅದನ್ನು ಬಿಟ್ಟರೆ ವಿಷಯ ಅರ್ಧವಾಗುತ್ತದೆ. ಕೆಪಿಸಿಯ ಜೀನ್ ಇರುವುದು ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಿ ಅಲ್ಲ. ಪ್ಲಾಸ್ಮಿಡ್ ಎಂಬ, ಸಾಮಾನ್ಯವಾಗಿ ಉಂಗುರದಂತೆ ಮುಚ್ಚಿಕೊಂಡ ಪುಟ್ಟ ಡಿಎನ್‌ಎಯಲ್ಲಿ. ಒಂದು ಬ್ಯಾಕ್ಟೀರಿಯಾ ಅದರ ಪ್ರತಿಯೊಂದನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು, ಪಕ್ಕದ್ದು ಬೇರೆ ಜಾತಿಯದಾದರೂ ಸರಿ. ಆಗ ನೀವು ಕ್ಲೆಬ್ಸಿಯೆಲ್ಲಾದ ಜಾಡು ಹಿಡಿದು ಹೋಗುತ್ತಿರುತ್ತೀರಿ, ಆಯುಧ ಮಾತ್ರ ಇನ್ನೊಂದರ ಕೈ ಸೇರಿರುತ್ತದೆ. ಚೂರುಗಳನ್ನು ಓದಿ ಜೋಡಿಸುವ ಯಂತ್ರಗಳಿಗೆ ಪ್ಲಾಸ್ಮಿಡ್ ಕಗ್ಗಂಟು. ಅದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಯಾವ ಚೂರು ಎಲ್ಲಿಯದೆಂದು ತಿಳಿಯದು. ಉದ್ದುದ್ದ ಸಾಲುಗಳನ್ನು ಒಂದೇ ಉಸಿರಿಗೆ ಓದುವ ತಂತ್ರ ಬಂದ ಮೇಲೆ, 2014ರಲ್ಲಿ, ಬೆಥೆಸ್ಡಾದ ತಂಡವೇ ತನ್ನ ಆಸ್ಪತ್ರೆಯ ಪ್ಲಾಸ್ಮಿಡ್‌ಗಳನ್ನು ಒಂದೊಂದಾಗಿ ಪೂರ್ತಿ ಓದಿ, ಜಾತಿಯಿಂದ ಜಾತಿಗೆ ಅವು ಸಾಗಿದ ಕುರುಹನ್ನೂ ತೋರಿಸಿತು. ಅಂಥ ಉದ್ದದ ಓದಿಗೆ ಇಂದು ಅಂಗೈಯಗಲದ ಯಂತ್ರಗಳೂ ಬಂದಿವೆ.

ಬೆಥೆಸ್ಡಾದಲ್ಲಿ ಮೊದಲ ರೋಗಿ ಯಾರೆಂದು ಗೊತ್ತಿತ್ತು. ನಮ್ಮ ನಾಡಿನ ತೀವ್ರ ನಿಗಾ ಘಟಕವೊಂದರ ಬಾಗಿಲಲ್ಲಿ ಈಗ ನಿಂತುಕೊಳ್ಳಿ. ಇಲ್ಲಿ ಮೊದಲನೆಯವರು ಎಂಬವರೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದೇಶದ ದೊಡ್ಡ ಆಸ್ಪತ್ರೆಗಳಿಂದ ಪ್ರತಿವರ್ಷ ಸೇರಿಸುವ ಲೆಕ್ಕದಲ್ಲಿ, ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಯ ಅರ್ಧಕ್ಕಿಂತ ಹೆಚ್ಚು ಮಾದರಿಗಳು ಈಚಿನ ವರ್ಷಗಳಲ್ಲಿ ಕಾರ್ಬಪೆನೆಮ್‌ಗೆ ಬಗ್ಗುತ್ತಿಲ್ಲ. ಬೆಥೆಸ್ಡಾದವರು ಒಬ್ಬರ ಕಾಗದದಲ್ಲಿ ಕಂಡು ನಡುಗಿದ ಸಂಗತಿ ನಮ್ಮಲ್ಲಿ ದಿನದ ಮಾತು. ಅದೇ 2011ರ ಏಪ್ರಿಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳನ್ನು ನೋಡಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳನ್ನು ನೋಡಿ ಎರಡರಲ್ಲಿ, ಎನ್‌ಡಿಎಂ-1 ಜೀನ್ ಕಂಡಿತ್ತು. ಕೆಪಿಸಿಯಂತೆ ಅದೂ ಕಾರ್ಬಪೆನೆಮನ್ನು ಕತ್ತರಿಸುವ ಕಿಣ್ವದ್ದು. ಗೋಡೆ ಕಟ್ಟಿ ತಡೆಯುವುದೆಂದರೆ ಎಲ್ಲಿಂದ ಎಲ್ಲಿಗೆ ಕಟ್ಟುವುದು?

ಹಾಗೆಂದು ಜಾಡು ಹಿಡಿಯುವವರು ಇಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯದಲ್ಲಿ ಕೆ. ಎಲ್. ರವಿಕುಮಾರ್ ಅವರ ತಂಡ, ಕೊಲಂಬಿಯಾ, ನೈಜೀರಿಯಾ, ಫಿಲಿಪೀನ್ಸ್ ದೇಶಗಳ ಪ್ರಯೋಗಾಲಯಗಳ ಜೊತೆ ಒಂದೇ ಜಾಲದಲ್ಲಿ ಸೇರಿ, ನಿರೋಧಕ ಬ್ಯಾಕ್ಟೀರಿಯಾಗಳ ಜೀನೋಮ್ ಓದುತ್ತ ಬಂದಿದೆ. ಭಾರತದ ಕ್ಲೆಬ್ಸಿಯೆಲ್ಲಾಗಳ ಅವರ ಓದಿನಲ್ಲಿ ಎದ್ದು ಕಂಡದ್ದು ಬೆಥೆಸ್ಡಾದ ಎಸ್‌ಟಿ258 ಅಲ್ಲ. ಎಸ್‌ಟಿ231, ಎಸ್‌ಟಿ147 ಎಂಬ ವಂಶಗಳು. ಅವು ಹೊತ್ತ ಆಯುಧವೂ ಕೆಪಿಸಿ ಅಲ್ಲ. ಒಎಕ್ಸ್‌ಎ-232 ಮತ್ತು ಎನ್‌ಡಿಎಂ. ಈ ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ಕೆಪಿಸಿಯನ್ನು ಕಟ್ಟಿಹಾಕಲು ಮಾಡಿದ ಹೊಸ ಔಷಧಿಗಳಲ್ಲಿ ಕೆಲವು ಎನ್‌ಡಿಎಂ ಮುಂದೆ ನಡೆಯುವುದಿಲ್ಲ. ಅಮೆರಿಕದ ಆಸ್ಪತ್ರೆಗೆ ಒಗ್ಗುವ ಮದ್ದನ್ನು ನಾವು ಕಣ್ಣುಮುಚ್ಚಿ ತರಿಸಿಕೊಂಡರೆ ರೋಗಿಯ ಮನೆಯವರ ದುಡ್ಡೂ ಹೋಗುತ್ತದೆ, ರೋಗಿಯೂ ಉಳಿಯುವುದಿಲ್ಲ. ನಮ್ಮ ವಾರ್ಡಿನಲ್ಲಿ ಇರುವುದು ಯಾವುದು ಎಂಬುದನ್ನು ನಾವೇ ಓದಿ ತಿಳಿಯಬೇಕು. ಆ ಓದು ನಾಲ್ಕಾರು ಸಂಶೋಧನಾ ಕೇಂದ್ರಗಳಲ್ಲಿ ಉಳಿದರೆ ಸಾಲದು. ಜಿಲ್ಲಾಸ್ಪತ್ರೆಯ ಪ್ರಯೋಗಾಲಯ ತಟ್ಟೆಯ ಮೇಲೆ ಕಂಡದ್ದು ಜೀನೋಮ್ ಓದುವವರ ಕೈಗೆ ಹೋಗಬೇಕು, ಅವರು ಓದಿದ್ದು ಆ ರೋಗಿ ಇನ್ನೂ ವಾರ್ಡಿನಲ್ಲಿ ಇರುವಾಗಲೇ ಮರಳಿ ಬರಬೇಕು. ಇದಕ್ಕೆ ಹಣ ಕೊಡದ ಸರ್ಕಾರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. 2019 ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸತ್ತವರು ಜಗತ್ತಿನಲ್ಲಿ 12.7 ಲಕ್ಷ ಎಂಬ ಅಂದಾಜು ನಮ್ಮ ಮುಂದಿದೆ.

ನೀವು ಮಾಡಬಹುದಾದದ್ದೂ ಇದೆ. ನಿಮ್ಮವರು ಯಾರಾದರೂ ಆಸ್ಪತ್ರೆಯಲ್ಲಿದ್ದು ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದರೆ, ಬ್ಯಾಕ್ಟೀರಿಯಾವನ್ನು ತಟ್ಟೆಯ ಮೇಲೆ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿದ್ದೀರಾ ಎಂದು ವೈದ್ಯರನ್ನು ವಿನಯದಿಂದ ಕೇಳಿ. ಮಾಡಿಸಿದ್ದರೆ ಅದರ ವರದಿಯ ಪ್ರತಿಯನ್ನು ಡಿಸ್ಚಾರ್ಜ್ ಕಾಗದಗಳ ಜೊತೆ ಇಟ್ಟುಕೊಳ್ಳಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸೇರಿಸುವಾಗ ಹಣದ ಚೀಟಿ, ಸ್ಕ್ಯಾನಿನ ಹಾಳೆಗಳಿಗಿಂತ ಮೊದಲು ಆ ವರದಿಯನ್ನು ದಾದಿಯ ಕೈಗೆ ಕೊಡಿ. ಹಾಸಿಗೆಯ ಕಂಬಿ ಮುಟ್ಟುವ ಮುನ್ನ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಕೈ ಶುಚಿ ಮಾಡಿಕೊಳ್ಳಿ. ಮಾಡಿಕೊಳ್ಳದೆ ಬಂದವರು ಬಂಧುವಾಗಲಿ, ವೈದ್ಯರಾಗಲಿ, ಸಂಕೋಚವಿಲ್ಲದೆ ತಡೆಯಿರಿ.